ಮಗು ಪದೇ ಪದೇ ಹೊಟ್ಟೆ ನೋವು ಅಂತಿದ್ರೆ: ಯಾವಾಗ ಓಡ್ಬೇಕು, ಯಾವಾಗ ಕಾಯ್ಬೇಕು, ಮನೇಲಿ ಏನ್ ಮಾಡ್ಬೇಕು

ಬೆಳಗ್ಗೆ ಎದ್ದ ತಕ್ಷಣ ಹೊಟ್ಟೆ ನೋವು, ಅರ್ಧ ಗಂಟೆ ಆದ್ಮೇಲೆ ಕುಣಿದಾಟ, ಊಟಕ್ಕೆ ಕೂತ್ರೆ ಮತ್ತೆ ನೋವು, ನಾಳೆ ಏನೂ ಇಲ್ಲ, ನಾಡಿದ್ದು ಮತ್ತೆ ಶುರು. ಚಿಕ್ಕ ಮಕ್ಕಳಿರೋ ಮನೇಲಿ ಇದು ತಿಂಗಳುಗಟ್ಲೆ ನಡೀತಿರತ್ತೆ. ನೋಡೋ ದೊಡ್ಡವ್ರಿಗೆ ಒಂದ್ಸಲ ಇದೆಲ್ಲಾ ನಾಟಕ ಅನ್ಸತ್ತೆ, ಇನ್ನೊಂದ್ಸಲ ಒಳಗೆ ಏನೋ ದೊಡ್ಡ ಕಾಯಿಲೆ ಇದ್ಯೇನೋ ಅಂತ ನಿದ್ದೆ ಬರಲ್ಲ. ಹೆಚ್ಚಿನ ಮಕ್ಕಳಲ್ಲಿ ಇದು ಎರಡೂ ಅಲ್ಲ. ನೋವು ನಿಜವಾಗ್ಲೂ ಇರತ್ತೆ, ಆದ್ರೆ ಅಪಾಯದ ಕಾಯಿಲೆ ಇರಲ್ಲ.

ಇದು ಹೊಸ ವಿಷಯಾನೂ ಅಲ್ಲ. 1958ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಅನ್ನೋ ಮಕ್ಕಳ ಡಾಕ್ಟ್ರು ನೋರಾ ನೈಶ್ ಜೊತೆ ಸೇರ್ಕೊಂಡು 1000 ಶಾಲಾ ಮಕ್ಕಳನ್ನ ನೋಡಿದ್ರು, ಸುಮಾರು 10ರಲ್ಲಿ 1 ಮಗೂಗೆ ಈ ತೊಂದ್ರೆ ಇತ್ತು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟ ಪಾಠ ನಿಲ್ಲೋಷ್ಟು ಜೋರಾಗಿ ನೋವು ಬಂದ್ರೆ ಅದನ್ನ ಮರುಕಳಿಸೋ ಹೊಟ್ಟೆನೋವು ಅಂತ ಲೆಕ್ಕ ಹಿಡಿದಿದ್ದೂ ಅವರೇ. ನಿಮ್ಮ ಮಗು ಈ ಲೆಕ್ಕಕ್ಕೆ ಬರತ್ತೆ ಅಂದ್ರೆ ಮುಂದೆ ಓದಿ. ನಾನು ಬರೀತಿರೋದು ಮುಖ್ಯವಾಗಿ ಮೂರರಿಂದ ಎಂಟು ವರ್ಷದ ಮಕ್ಕಳ ಬಗ್ಗೆ, ಕೂಸುಗಳ ಅಳು ಬೇರೆ ವಿಷಯ.

ಹಂತ 1: ಇವತ್ತೇ ಆಸ್ಪತ್ರೆಗೆ ಹೋಗ್ಬೇಕಾ?

ಯಾವಾಗ್ಲೂ ನೋವು ಅನ್ನೋ ಮಗೂಗೂ ಒಂದಿನ ನಿಜವಾಗ್ಲೂ ಅಪೆಂಡಿಸೈಟಿಸ್ ಆಗ್ಬೋದು, "ಇದ್ದಿದ್ದೇ ಬಿಡು" ಅಂತ ಸುಮ್ನಾಗೋದು ಅಲ್ಲೇ ತಪ್ಪಾಗೋದು. ಅದಕ್ಕೆ ಪ್ರತಿ ಸಲ ನೋವು ಬಂದಾಗ್ಲೂ ಒಂದ್ನಿಮಿಷ ಇದನ್ನ ನೋಡಿ, ಇದ್ರಲ್ಲಿ ಒಂದಿದ್ರೂ ಮನೆಮದ್ದು ಮಾಡ್ತಾ ಕೂರ್ಬೇಡಿ:

- ವಾಂತಿ ಹಸಿರು ಬಣ್ಣ ಇದೆ. ಕರುಳು ಎಲ್ಲೋ ಕಟ್ಕೊಂಡಿರ್ಬೋದು.
- ವಾಂತೀಲಿ ಅಥವಾ ಮೋಷನ್‌ನಲ್ಲಿ ರಕ್ತ, ಇಲ್ಲಾ ಟಾರಿನ ಥರ ಕಪ್ಪು ಅಂಟು ಮೋಷನ್. (ಐರನ್ ಟಾನಿಕ್ ಕೊಡ್ತಿದ್ರೂ ಕಪ್ಪಾಗತ್ತೆ, ಅದನ್ನ ಡಾಕ್ಟ್ರಿಗೆ ಹೇಳಿ.)
- ಹೊಕ್ಕುಳ ಹತ್ರ ಶುರುವಾದ ನೋವು ಕೆಲವು ಗಂಟೇಲಿ ಬಲಗಡೆ ಕೆಳಕ್ಕೆ ಇಳೀತು, ಮಗು ಬಗ್ಗಿಕೊಂಡು ನಡೀತಿದೆ, ಕುಪ್ಪಳಿಸು ಅಂದ್ರೆ ಅಳತ್ತೆ, ಊಟ ಬೇಡ ಅನ್ನತ್ತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅಪೆಂಡಿಕ್ಸ್ ಬೇಗ ಒಡೆಯತ್ತೆ, ಲಕ್ಷಣಾನೂ ಪುಸ್ತಕದಲ್ಲಿರೋ ಥರ ಇರಲ್ಲ.
- ಹೊಟ್ಟೆ ಗಟ್ಟಿಯಾಗಿ ಉಬ್ಬಿದೆ, ಮುಟ್ಟೋಕೇ ಬಿಡ್ತಿಲ್ಲ.
- ಮೂರು ವರ್ಷದೊಳಗಿನ ಮಗು ಸ್ವಲ್ಪ ಹೊತ್ತಿಗೊಮ್ಮೆ ಮೊಣಕಾಲು ಎಳ್ಕೊಂಡು ಕಿರುಚತ್ತೆ, ಮಧ್ಯೆ ಮಧ್ಯೆ ಬಿಳಿಚ್ಕೊಂಡು ಸುಸ್ತಾಗಿ ಮಲಗತ್ತೆ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಹೊಕ್ಕೊಂಡಾಗ ಹೀಗಾಗತ್ತೆ, ರಕ್ತ ಬೆರೆತ ಲೋಳೆ ಮೋಷನ್ ಬರೋವರೆಗೂ ಕಾಯ್ಬಾರ್ದು.
- ಗಂಡು ಮಗು, ಕೆಳಹೊಟ್ಟೆ ನೋವು ಅಂತಿದೆ, ಚಡ್ಡಿ ಬಿಚ್ಚಿ ನೋಡಿದ್ರೆ ಒಂದು ವೃಷಣ ಊದಿದೆ ಅಥವಾ ಮುಟ್ಟಿದ್ರೆ ನೋವು. ತಿರುಚ್ಕೊಂಡಿದ್ರೆ ಉಳಿಸ್ಕೊಳ್ಳೋಕೆ ಸಿಗೋದು ಸುಮಾರು 6 ಗಂಟೆ. ಮಕ್ಕಳು ನಾಚ್ಕೊಂಡು ಹೊಟ್ಟೆ ಅಂತಾನೇ ಹೇಳ್ತಾರೆ, ನೀವೇ ನೋಡ್ಬೇಕು.
- ಬಟನ್ ಬ್ಯಾಟರಿ ಅಥವಾ ಮ್ಯಾಗ್ನೆಟ್ ನುಂಗಿರೋ ಅನುಮಾನ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕೊಂಡ್ರೆ 2 ಗಂಟೇಲೇ ಸುಡೋಕೆ ಶುರುವಾಗತ್ತೆ.
- ಕೆಲವು ದಿನದಿಂದ ವಿಪರೀತ ಬಾಯಾರಿಕೆ, ಪದೇ ಪದೇ ಸುಸ್ಸು, ಸೊರಗ್ತಿದೆ, ಈಗ ಹೊಟ್ಟೆ ನೋವು ವಾಂತಿ. ಇದು ಟೈಪ್ 1 ಡಯಾಬಿಟಿಸ್ ಆಗಿರ್ಬೋದು, ಹೊಟ್ಟೆ ಕಾಯಿಲೆ ಅಂದ್ಕೊಂಡು ದಿನ ಕಳೆದ್ರೆ ಪ್ರಾಣಕ್ಕೇ ಕುತ್ತು.
- ಕಾಲು, ಕುಂಡೆ ಮೇಲೆ ಒತ್ತಿದ್ರೂ ಮಾಸದ ಕೆಂಪು-ನೇರಳೆ ಚುಕ್ಕೆ.
- 8 ಗಂಟೆ ಆದ್ರೂ ಸುಸ್ಸು ಮಾಡಿಲ್ಲ, ಕಣ್ಣು ಗುಳಿ ಬಿದ್ದಿದೆ, ಎಬ್ಬಿಸಿದ್ರೂ ಮಂಕಾಗಿದೆ.

ಇನ್ನೊಂದು ವಿಷಯ, ಜ್ವರದ ಜೊತೆ ಹೊಟ್ಟೆನೋವು ಅಂದ್ರೆ ತೊಂದ್ರೆ ಹೊಟ್ಟೇಲೇ ಇರ್ಬೇಕು ಅಂತಿಲ್ಲ. ಗಂಟಲು ಸೋಂಕು, ನ್ಯುಮೋನಿಯ, ಮೂತ್ರದ ಸೋಂಕು ಮೂರೂ ಚಿಕ್ಕ ಮಕ್ಕಳಲ್ಲಿ ಹೊಟ್ಟೆನೋವಾಗಿ ಕಾಣಿಸ್ಕೋಬೋದು.

ಹಂತ 2: ಮಗೂನ ಕೇಳೋ ರೀತಿ ಬದಲಾಯ್ಸಿ

"ತುಂಬಾ ನೋವಾ? ಇಲ್ಲಿ ನೋವಾ? ಇಲ್ಲೂ ನೋವಾ?" ಅಂತ ಕೇಳಿದ್ರೆ ನಾಲ್ಕು ವರ್ಷದ ಮಗು ಎಲ್ಲಕ್ಕೂ ಹೂಂ ಅನ್ನತ್ತೆ. ಅದರ ಬದ್ಲು ಒಂದೇ ಬೆರಳಲ್ಲಿ ತೋರ್ಸು ಅನ್ನಿ. ಹೊಕ್ಕುಳ ಮೇಲೆ ಅಂಗೈ ಇಟ್ಟು ಇಡೀ ಹೊಟ್ಟೆ ಸವರಿದ್ರೆ ಸಾಮಾನ್ಯವಾಗಿ ಸಮಾಧಾನದ ವಿಷಯ, ಹೊಕ್ಕುಳಿಂದ ದೂರ, ಪ್ರತಿ ಸಲಾನೂ ಅದೇ ಜಾಗ ತೋರಿಸಿದ್ರೆ ಕಾರಣ ಹುಡುಕೋ ವಿಷಯ. ಇದೂ ಆಪ್ಲಿ ಹೇಳಿದ್ದೇ, ಪಕ್ಕಾ ರೂಲ್ ಅಲ್ಲ, ಆದ್ರೆ ಇವತ್ತಿಗೂ ಡಾಕ್ಟ್ರುಗಳು ಬಳಸ್ತಾರೆ.

ಆಮೇಲೆ ಏನೋ ಕಥೆ ಹೇಳ್ತಾ ಮೆತ್ತಗೆ ಹೊಟ್ಟೆ ಮುಟ್ಟಿ ನೋಡಿ, ಮುಖ ನೋಡಿ, ಹೊಟ್ಟೆ ನೋಡೋದಕ್ಕಿಂತ ಮುಖ ನೋಡೋದು ಮುಖ್ಯ. ಎದ್ದು ಎರಡು ಸಲ ಕುಪ್ಪಳಿಸೋಕೆ ಹೇಳಿ. ನಗ್ತಾ ಕುಪ್ಪಳಿಸಿದ್ರೆ ಆ ಕ್ಷಣಕ್ಕೆ ಆಪರೇಷನ್ ಬೇಕಾಗೋ ಅಂಥದ್ದು ಇರೋ ಸಾಧ್ಯತೆ ಕಮ್ಮಿ. ಈ ವಯಸ್ಸಲ್ಲಿ ಹಸಿವು, ಕಕ್ಕ ಬರೋದು, ಭಯ, ವಾಕರಿಕೆ, ಅಮ್ಮ ಬೇಕು ಅನ್ನೋದು, ಇದಕ್ಕೆಲ್ಲ ಮಕ್ಕಳ ಹತ್ರ ಇರೋ ಹೆಸರು ಹೊಟ್ಟೆ ನೋವು ಅಂತ ಒಂದೇ. ಅದಕ್ಕೆ ಸುಳ್ಳು ಅಂತ ಬೈಬೇಡಿ, ಹೇಳೋಕೆ ಬೇರೆ ಮಾತಿಲ್ಲ ಅಷ್ಟೇ.

ಹಂತ 3: ಮೋಷನ್ ನೋಡಿ. ನಿಜವಾಗ್ಲೂ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದೋಕೆ ಟೈಮಿದೆ ಅಂದ್ರೆ ಇದನ್ನ ಓದಿ. ಚಿಕ್ಕ ಮಕ್ಕಳ ಮರುಕಳಿಸೋ ಹೊಟ್ಟೆನೋವಿಗೆ ಹುಡುಕಿದ್ರೆ ಸಿಗೋ ಕಾರಣಗಳಲ್ಲಿ ಮಲಬದ್ಧತೆಯಷ್ಟು ಸಾಮಾನ್ಯವಾದದ್ದು ಇನ್ನೊಂದಿಲ್ಲ, ಅಪ್ಪ ಅಮ್ಮಂದಿರ ಕಣ್ಣು ತಪ್ಪಿಸೋದೂ ಇದೇ. "ದಿನಾ ಹೋಗ್ತಾನಲ್ಲ" ಅಂತಾರೆ. ದಿನಾ ಹೋದ್ರೂ ಪೂರ್ತಿ ಖಾಲಿ ಆಗ್ದೇ ಇರ್ಬೋದು, ಸ್ವಲ್ಪ ಸ್ವಲ್ಪ ಹೋಗಿ ಉಳಿದಿದ್ದು ಒಳಗೇ ಸೇರ್ಕೊಂಡು ಗಟ್ಟಿಯಾಗ್ತಾ ಹೋಗತ್ತೆ, ಊಟ ಮಾಡಿದ ತಕ್ಷಣ ಕರುಳು ಕದಲತ್ತೆ, ಮುಂದೆ ದಾರಿ ಇಲ್ಲ, ನೋವು. ಊಟದ ಹೊತ್ತಿಗೇ ನೋವು ಬರೋ ಎಷ್ಟೋ ಮಕ್ಕಳ ಕಥೆ ಇಷ್ಟೇ.

ಏನ್ ನೋಡ್ಬೇಕು: ವಾರಕ್ಕೆ ಎರಡೇ ಸಲ ಅಥವಾ ಅದಕ್ಕಿಂತ ಕಮ್ಮಿ ಹೋಗೋದು, ಗೋಲಿ ಗೋಲಿ ಥರ ಗಟ್ಟಿ ಕಕ್ಕ, ಟಾಯ್ಲೆಟ್ ಕಟ್ಕೊಳ್ಳೋಷ್ಟು ದಪ್ಪ ಕಕ್ಕ, ಹೋಗುವಾಗ ಅಳು, ಚಡ್ಡೀಲಿ ಕಲೆ. 1997ರಲ್ಲಿ ಬಂದ ಬ್ರಿಸ್ಟಲ್ ಸ್ಟೂಲ್ ಚಾರ್ಟ್ ಅಂತ ಒಂದಿದೆ (ಹೌದು, ಮತ್ತೆ ಅದೇ ಊರು), ಅದರಲ್ಲಿ 7 ಥರದ ಚಿತ್ರ ಇರತ್ತೆ, 1 ಮತ್ತು 2 ಅಂದ್ರೆ ಮಲಬದ್ಧತೆ. ಡಾಕ್ಟ್ರಿಗೆ "ಸ್ವಲ್ಪ ಗಟ್ಟಿ" ಅನ್ನೋದಕ್ಕಿಂತ "2ನೇ ಚಿತ್ರದ ಥರ" ಅಂದ್ರೆ ತಕ್ಷಣ ಅರ್ಥ ಆಗತ್ತೆ.

ತಡೆಹಿಡಿಯೋದನ್ನ ಗುರುತಿಸೋದು ಇನ್ನೂ ಮುಖ್ಯ. ಮಗು ಸೋಫಾ ಹಿಂದೆ ಹೋಗಿ ನಿಲ್ಲತ್ತೆ, ಕಾಲು ಕತ್ತರಿ ಹಾಕತ್ತೆ, ತುದಿಗಾಲಲ್ಲಿ ನಿಂತು ಮುಖ ಕೆಂಪಗೆ ಮಾಡ್ಕೊಳ್ಳತ್ತೆ. ನೋಡೋರು "ಪಾಪ ಮುಕ್ಕರಿತಿದೆ" ಅಂದ್ಕೋತಾರೆ, ಅದು ತಳ್ತಿರೋದಲ್ಲ, ಬಿಗಿಹಿಡೀತಿರೋದು. ಒಂದ್ಸಲ ಗಟ್ಟಿ ಕಕ್ಕ ಹೋಗಿ ನೋವಾಗಿರತ್ತೆ, ಆ ನೆನಪಿಗೆ ಹೆದರಿ ಹಿಡ್ಕೊಳ್ಳತ್ತೆ, ಹಿಡ್ಕೊಂಡಷ್ಟೂ ಗಟ್ಟಿಯಾಗತ್ತೆ, ಮತ್ತೆ ನೋವು. ತುಂಬಾ ದಿನ ಆದ್ರೆ ಗುದದ ಮೇಲಿನ ಕರುಳು ಹಿಗ್ಗಿ, ಕಕ್ಕ ಬಂದಿದ್ದೇ ಮಗೂಗೆ ಗೊತ್ತಾಗಲ್ಲ, ಗಟ್ಟಿ ಉಂಡೆ ಪಕ್ಕದಿಂದ ನೀರು ಸೋರಿ ಚಡ್ಡಿ ಒದ್ದೆ ಮಾಡತ್ತೆ. ಇದನ್ನ ಭೇದಿ ಅಂದ್ಕೊಂಡು ಭೇದಿ ನಿಲ್ಸೋ ಔಷಧಿ ಕೊಟ್ರೆ ಕಥೆ ಮುಗೀತು. ಬೈದ್ರೂ ಅಷ್ಟೇ, ಮಗೂಗೆ ಗೊತ್ತಿಲ್ದೇ ಆಗೋದು ಅದು.

ಏನ್ ಮಾಡ್ಬೇಕು: ಊಟ ಆದ 15-20 ನಿಮಿಷದೊಳಗೆ, ದಿನಕ್ಕೆ ಎರಡು ಸಲ, 5ರಿಂದ 10 ನಿಮಿಷ ಟಾಯ್ಲೆಟ್ಟಲ್ಲಿ ಕೂರ್ಸಿ. ಬಂದ್ರೂ ಸರಿ ಬರ್ದಿದ್ರೂ ಸರಿ, ಕೂತಿದ್ದಕ್ಕೆ ಶಭಾಷ್ ಅನ್ನಿ, ಕಕ್ಕ ಬಂದಿದ್ದಕ್ಕಲ್ಲ. ಕಮೋಡ್ ಆದ್ರೆ ಕಾಲು ತೂಗಾಡ್ಬಾರ್ದು, ಕೆಳಗೆ ಸ್ಟೂಲ್ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲಿರ್ಬೇಕು. ಹಾಲು ದಿನಕ್ಕೆ ಅರ್ಧ ಲೀಟರ್ ದಾಟ್ತಿದ್ರೆ ಕಮ್ಮಿ ಮಾಡಿ, ಹಾಲೇ ಹೊಟ್ಟೆ ತುಂಬ್ಸಿದ್ರೆ ಬೇರೇನೂ ತಿನ್ನಲ್ಲ, ಐರನ್ನೂ ಕಮ್ಮಿಯಾಗತ್ತೆ. ನಾರಿಗೆ ಒಂದು ಸುಲಭ ಲೆಕ್ಕ ಇದೆ, ಮಗು ವಯಸ್ಸಿಗೆ 5 ಸೇರ್ಸಿ, ಅಷ್ಟು ಗ್ರಾಂ ದಿನಕ್ಕೆ, ನಾಲ್ಕು ವರ್ಷಕ್ಕೆ 9 ಗ್ರಾಂ. ಅದಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ ನಾರು ತುರುಕಿದ್ರೆ ಗ್ಯಾಸ್ ಆಗಿ ನೋವು ಹೆಚ್ಚಾಗತ್ತೆ ಅಷ್ಟೇ.

ಆದ್ರೆ ಒಳಗೆ ಆಗ್ಲೇ ಕಟ್ಕೊಂಡಿದ್ರೆ ನೀರು ಹಣ್ಣು ತರಕಾರಿ ಸಾಕಾಗಲ್ಲ, ಇದನ್ನ ಒಪ್ಕೊಳ್ಳೋಕೆ ಜನಕ್ಕೆ ಕಷ್ಟ. ಮೊದ್ಲು ಖಾಲಿ ಮಾಡ್ಬೇಕು, ಅದಕ್ಕೆ ಡಾಕ್ಟ್ರು ಸಾಮಾನ್ಯವಾಗಿ ಪಾಲಿಇಥಿಲಿನ್ ಗ್ಲೈಕಾಲ್ ಪುಡಿ ಕೊಡ್ತಾರೆ, ನೀರಲ್ಲಿ ಕಲಸಿ ಕುಡಿಸೋದು, ಅದು ಕರುಳಲ್ಲಿ ನೀರು ಹಿಡಿದಿಟ್ಟು ಕಕ್ಕ ಮೆತ್ತಗೆ ಮಾಡತ್ತೆ. ಆಮೇಲೆ ಕಮ್ಮಿ ಡೋಸಲ್ಲಿ ಕನಿಷ್ಠ 2 ತಿಂಗಳು ಮುಂದುವರ್ಸಿ, ಒಂದು ತಿಂಗಳು ಏನೂ ತೊಂದ್ರೆ ಇಲ್ಲ ಅಂದ್ಮೇಲೆ ನಿಧಾನಕ್ಕೆ ಇಳ್ಸೋದು. ಎಲ್ಲರೂ ಎಡವೋದು ಇಲ್ಲೇ: ಒಂದು ವಾರ ಸರಿಹೋಯ್ತು ಅಂತ ನಿಲ್ಲಿಸ್ತಾರೆ, ಹಿಗ್ಗಿದ ಕರುಳು ಇನ್ನೂ ಹಳೇ ಸೈಜಿಗೆ ಬಂದಿರಲ್ಲ, ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ಅಭ್ಯಾಸ ಆಗ್ಬಿಡತ್ತೆ ಅನ್ನೋ ಭಯ ಬೇಡ, ಆ ಪುಡಿಗೆ ಕರುಳು ಸೋಮಾರಿ ಆಗಲ್ಲ. ಡೋಸ್ ಮಾತ್ರ ತೂಕ ನೋಡಿ ಡಾಕ್ಟ್ರೇ ಹೇಳ್ಬೇಕು.

ಹಂತ 4: ಎರಡು ವಾರ ಬರ್ದಿಡಿ

ಮೊಬೈಲಲ್ಲೋ ನೋಟ್‌ಬುಕ್ಕಲ್ಲೋ, ನೋವು ಬಂದ ದಿನ, ಹೊತ್ತು, ಎಷ್ಟು ಹೊತ್ತಿತ್ತು, ಎಲ್ಲಿ, ಅದಕ್ಕೆ ಮುಂಚೆ ಏನ್ ತಿಂದಿದ್ದು, ಕಕ್ಕ ಯಾವ ಥರ, ನಿದ್ದೆ, ಅವತ್ತು ಶಾಲೆ ಇತ್ತಾ ರಜಾನಾ. ಮಗು ಎದುರಿಗೆ ಬರೀಬೇಡಿ, ಗಂಟೆಗೊಮ್ಮೆ "ಈಗ ನೋವಿದ್ಯಾ" ಅಂತ ಕೇಳಿ ಬರೀಲೇಬೇಡಿ, ಮಗು ತಾನಾಗಿ ಹೇಳಿದ್ದನ್ನ ಮಾತ್ರ ಬರೀರಿ.

ಎರಡು ವಾರ ಆದ್ಮೇಲೆ ತಿರುಗಿಸಿ ನೋಡಿದ್ರೆ ಏನೋ ಒಂದು ಕಾಣತ್ತೆ. ಬರೀ ಶಾಲೆ ದಿನ ಬೆಳಗ್ಗೆ ನೋವು, ರಜಾ ದಿನ ಇಲ್ಲ. ಅಥವಾ ಹಾಲು ಕುಡಿದ ಒಂದೆರಡು ಗಂಟೆಗೆ ಗುಡುಗುಡು, ಗ್ಯಾಸ್, ತೆಳು ಮೋಷನ್. ಅಥವಾ ನಾಲ್ಕು ದಿನ ಕಕ್ಕ ಇಲ್ಲ, ಐದನೇ ದಿನ ನೋವು. ಇನ್ನೊಂದು ಥರ ಇದೆ, ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ, ಗಂಟೆಗಟ್ಲೆ ಜೋರು ನೋವು, ಮುಖ ಬಿಳಿಚ್ಕೊಳ್ಳತ್ತೆ, ವಾಂತಿ, ಬೆಳಕು ಬೇಡ ಅನ್ನತ್ತೆ, ಮಧ್ಯದ ದಿನಗಳಲ್ಲಿ ಪೂರ್ತಿ ಆರಾಮ, ಮನೇಲಿ ಯಾರಿಗೋ ಮೈಗ್ರೇನ್ ಇದೆ. ಇದಕ್ಕೆ ಹೊಟ್ಟೆ ಮೈಗ್ರೇನ್ ಅಂತಾನೇ ಹೇಳೋದು, ತಲೆನೋವು ಇಲ್ದೇನೂ ಬರತ್ತೆ.

ಹಂತ 5: ಊಟದಲ್ಲಿ ಒಂದ್ಸಲಕ್ಕೆ ಒಂದೇ ಬದಲಾವಣೆ

ಹಾಲು, ಗೋಧಿ, ಸಕ್ಕರೆ, ಮೊಟ್ಟೆ ಎಲ್ಲಾ ಒಟ್ಟಿಗೆ ನಿಲ್ಸಿದ್ರೆ ಏನರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಮಗು ಮಾತ್ರ ಸೊರಗತ್ತೆ. ಮೊದ್ಲು ಜ್ಯೂಸ್ ಮತ್ತೆ ಶುಗರ್‌ಫ್ರೀ ಚ್ಯೂಯಿಂಗ್ ಗಮ್, ಕ್ಯಾಂಡಿ ಕಡೆ ನೋಡಿ, ಅದರಲ್ಲಿರೋ ಫ್ರಕ್ಟೋಸ್, ಸಾರ್ಬಿಟಾಲ್ ಪೂರ್ತಿ ಹೀರ್ಕೊಳ್ದೇ ಕರುಳಲ್ಲಿ ಗ್ಯಾಸ್ ಆಗತ್ತೆ. ಮೂರು ವರ್ಷದವರೆಗೆ ಜ್ಯೂಸ್ ದಿನಕ್ಕೆ 120 ಮಿಲಿ ಮೀರ್ಬಾರ್ದು, ಕೊಡ್ದಿದ್ರೆ ಇನ್ನೂ ಒಳ್ಳೇದು, ಹಣ್ಣೇ ತಿನ್ಲಿ.

ಹಾಲಿನ ಮೇಲೆ ಅನುಮಾನ ಇದ್ರೆ ಎರಡು ವಾರ ನಿಲ್ಸಿ ನೋಡಿ, ಮತ್ತೆ ಶುರು ಮಾಡಿ. ಶುರು ಮಾಡಿದಾಗ ನೋವೂ ವಾಪಸ್ ಬಂದ್ರೆ ಮಾತ್ರ ಹಾಲು ಕಾರಣ. ಜೋರು ಭೇದಿ ಆಗಿ ವಾಸಿಯಾದ ಮೇಲೆ ಕೆಲವು ವಾರ ಹಾಲು ಜೀರ್ಣ ಆಗ್ದೇ ಇರೋದುಂಟು, ಅದು ತಾನಾಗೇ ಸರಿಹೋಗತ್ತೆ. ಗೋಧಿ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ಸೀಲಿಯಾಕ್ ಕಾಯಿಲೆ (ಗೋಧೀಲಿರೋ ಗ್ಲೂಟೆನ್‌ನಿಂದ ಕರುಳಿಗೆ ಹಾನಿಯಾಗೋದು) ಇದ್ಯಾ ಅಂತ ನೋಡೋ ರಕ್ತ ಪರೀಕ್ಷೆ ಗೋಧಿ ತಿಂತಿರುವಾಗ್ಲೇ ಮಾಡ್ಬೇಕು, ನಿಲ್ಸಿದ ಮೇಲೆ ಮಾಡಿದ್ರೆ ಕಾಯಿಲೆ ಇದ್ರೂ ಇಲ್ಲ ಅಂತ ಬರ್ಬೋದು.

ಹಂತ 6: ಡಾಕ್ಟ್ರ ಹತ್ರ ಹೋದಾಗ

ಅರ್ಜೆಂಟ್ ಅಲ್ದಿದ್ರೂ ತಡ ಮಾಡ್ದೇ ತೋರಿಸ್ಬೇಕಾದ್ದು: ತೂಕ ಇಳೀತಿದೆ ಅಥವಾ ಎತ್ತರ ಏರ್ತಿಲ್ಲ, ನೋವಿಂದ ರಾತ್ರಿ ನಿದ್ದೆಯಿಂದ ಎದ್ದು ಅಳತ್ತೆ, ವಾರಗಟ್ಲೆ ಭೇದಿ, ಕಾರಣ ಇಲ್ದೇ ಬಂದು ಹೋಗೋ ಜ್ವರ, ಬಾಯಿಹುಣ್ಣು, ಕೀಲು ಊತ, ಗುದದ ಹತ್ರ ಕೀವು ಅಥವಾ ಸೀಳು, ನುಂಗೋಕೆ ಕಷ್ಟ, ಮನೇಲಿ ಯಾರಿಗಾದ್ರೂ ಸೀಲಿಯಾಕ್, ಕರುಳಿನ ಉರಿಯೂತ ಅಥವಾ ಅಲ್ಸರ್. ಹೋಗುವಾಗ ನಿಮ್ಮ ಎರಡು ವಾರದ ಬರಹ, ಹಳೇ ತೂಕ-ಎತ್ತರದ ಕಾರ್ಡು ತಗೊಂಡ್ಹೋಗಿ. ಎಷ್ಟೋ ಸಲ ಬೆಳವಣಿಗೆ ಗ್ರಾಫ್ ಒಂದೇ ಸ್ಕ್ಯಾನಿಗಿಂತ ಜಾಸ್ತಿ ಹೇಳತ್ತೆ.

ಮೇಲಿನ ಯಾವ ಲಕ್ಷಣಾನೂ ಇಲ್ದೇ, ಮಗು ಚೆನ್ನಾಗಿ ಬೆಳೀತಿದ್ರೆ, ಪರೀಕ್ಷೆಗಳ ಪಟ್ಟಿ ಚಿಕ್ಕದಾಗಿರತ್ತೆ: ಮೂತ್ರ, ರಕ್ತದ ಕೌಂಟ್, ಸೀಲಿಯಾಕ್, ಬೇಕಿದ್ರೆ ಮಲ ಪರೀಕ್ಷೆ. ಸ್ಕ್ಯಾನ್ ಮಾಡಿಸ್ಲೇಬೇಕು ಅಂತ ನೀವೇ ಪಟ್ಟು ಹಿಡೀಬೇಡಿ. ಮಾಡಿಸಿದ್ರೆ ಎಷ್ಟೋ ಸಲ ರಿಪೋರ್ಟಲ್ಲಿ "ಮೆಸೆಂಟರಿಕ್ ಲಿಂಫ್ ನೋಡ್ಸ್" (ಕರುಳಿನ ಹತ್ರ ಇರೋ ಸಣ್ಣ ಗ್ರಂಥಿಗಳು) ಅಂತ ಬರತ್ತೆ, ಅದನ್ನ ಗೂಗಲ್ ಮಾಡಿ ಟಿಬಿ, ಕ್ಯಾನ್ಸರ್ ಅಂತೆಲ್ಲ ಓದಿ ಇಡೀ ಮನೆ ಕಂಗಾಲಾಗತ್ತೆ. ಆರೋಗ್ಯವಾಗಿರೋ ಮಕ್ಕಳಲ್ಲೂ ಚಿಕ್ಕ ನೋಡ್ಸ್ ಕಾಣ್ತಾವೆ, ವೈರಲ್ ಜ್ವರ ಬಂದುಹೋದ ಮೇಲೆ ಇನ್ನೂ ಸ್ವಲ್ಪ ದೊಡ್ಡದಾಗಿರ್ತಾವೆ, ತಾವಾಗೇ ಇಳೀತಾವೆ. ಸೈಜ್ ಎಷ್ಟು, ಇದಕ್ಕೆ ಅರ್ಥ ಇದ್ಯಾ ಅಂತ ಡಾಕ್ಟ್ರನ್ನೇ ಕೇಳಿ.

ಜಂತುಹುಳದ ಔಷಧಿ ಕೊಡೋದು ತಪ್ಪಲ್ಲ, ಡಾಕ್ಟ್ರು ಹೇಳಿದ್ರೆ ಕೊಡಿ, ಆದ್ರೆ ಪ್ರತಿ ಹೊಟ್ಟೆನೋವಿಗೂ ಹುಳ ಅಂತ ತಿಂಗಳಿಗೊಮ್ಮೆ ಕೊಡೋದ್ರಲ್ಲಿ ಅರ್ಥ ಇಲ್ಲ. ರಾತ್ರಿ ಹೊತ್ತು ಗುದ ತುರಿಸಿದ್ರೆ ಸೂಜಿಹುಳ ಇರ್ಬೋದು, ಆಗ ಮನೆಯವರೆಲ್ಲರೂ ತಗೋಬೇಕು, ಎರಡು ವಾರ ಬಿಟ್ಟು ಇನ್ನೊಂದ್ಸಲ.

ನೋವಿನ ಔಷಧಿ ಬಗ್ಗೆ ಚಿಕ್ಕದಾಗಿ: ಪ್ಯಾರಸಿಟಮಾಲ್ ಕೆಜಿಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ಮಧ್ಯೆ 4ರಿಂದ 6 ಗಂಟೆ, ದಿನಕ್ಕೆ 4 ಸಲ ಮೀರ್ಬಾರ್ದು. ಸಿರಪ್‌ಗಳ ಸ್ಟ್ರೆಂತ್ ಬೇರೆ ಬೇರೆ ಇರತ್ತೆ, 5 ಮಿಲಿಗೆ ಎಷ್ಟು ಅಂತ ಲೇಬಲ್ ಓದಿ. ಬಂದು ಹೋಗೋ ನೋವಿಗೆ ಇದು ದಿನಾ ಕೊಡೋ ಔಷಧಿ ಅಲ್ಲ. ಮಕ್ಕಳಿಗೆ ಆಸ್ಪಿರಿನ್ ಬೇಡ. ಹೊಟ್ಟೆ ಸೆಳೆತಕ್ಕೆ ಅಂತ ಸಿಗೋ ಡೈಸೈಕ್ಲೋಮಿನ್ ಡ್ರಾಪ್ಸ್ ಆರು ತಿಂಗಳೊಳಗಿನ ಕೂಸಿಗೆ ಕೊಡ್ಲೇಬಾರ್ದು, ದೊಡ್ಡ ಮಕ್ಕಳಿಗೂ ಕೇಳ್ದೇ ಬೇಡ.

ಹಂತ 7: "ಎಲ್ಲಾ ನಾರ್ಮಲ್" ಅಂದ್ಮೇಲೆ

ಇಲ್ಲಿಂದಲೇ ಕಷ್ಟ. ಎಲ್ಲಾ ನಾರ್ಮಲ್ ಅಂದ್ರೆ ನೋವು ಸುಳ್ಳು ಅಂತ ಅರ್ಥ ಅಲ್ಲ. ಡಾಕ್ಟ್ರುಗಳು ಇದನ್ನ ಫಂಕ್ಷನಲ್ ಅಂತಾರೆ, ಅಂದ್ರೆ ಕರುಳಿನ ರಚನೇಲಿ ತೊಂದ್ರೆ ಇಲ್ಲ, ಕರುಳು ಮತ್ತೆ ಮೆದುಳು ಮಾತಾಡ್ಕೊಳ್ಳೋದ್ರಲ್ಲಿ ತೊಂದ್ರೆ. ಕರುಳಲ್ಲಿ ಕೋಟಿಗಟ್ಲೆ ನರಕೋಶ ಇದಾವೆ, ಒಂದು ಸೋಂಕಾದ ಮೇಲೋ ಟೆನ್ಷನ್ ಆದಾಗ್ಲೋ ಅವು ಸೂಕ್ಷ್ಮ ಆಗ್ಬಿಡ್ತಾವೆ, ಬೇರೆ ಮಗೂಗೆ ಗೊತ್ತೇ ಆಗದ ಗ್ಯಾಸು ಇದಕ್ಕೆ ನೋವಾಗಿ ಕೇಳ್ಸತ್ತೆ. ರೇಡಿಯೋ ವಾಲ್ಯೂಮ್ ಜಾಸ್ತಿ ಆಗಿದೆ, ಸ್ಟೇಷನ್ ಸರಿಯಾಗೇ ಇದೆ. ಮಗೂಗೂ ಹೀಗೇ ಹೇಳ್ಬೋದು: ನಿನ್ ಹೊಟ್ಟೆ ಸ್ವಲ್ಪ ಜೋರಾಗಿ ಮಾತಾಡ್ತಿದೆ, ಕೆಟ್ಟಿಲ್ಲ.

ಆಮೇಲೆ ನೀವು ಹೇಗೆ ನಡ್ಕೋತೀರ ಅನ್ನೋದು ಔಷಧಿಗಿಂತ ದೊಡ್ಡದು. 2006ರಲ್ಲಿ ಅಮೆರಿಕದ ಲಿನ್ ವಾಕರ್ ಅವರ ತಂಡ ಒಂದು ಪ್ರಯೋಗ ಮಾಡ್ತು, ಮಕ್ಕಳಿಗೆ ಹೊಟ್ಟೆ ಬಿಗಿಯೋವರೆಗೆ ನೀರು ಕುಡಿಸಿ, ಕೆಲವು ಅಪ್ಪ ಅಮ್ಮಂದಿರಿಗೆ ನೋವಿನ ಬಗ್ಗೆನೇ ಮಾತಾಡಿ ಅಂದ್ರು, ಕೆಲವರಿಗೆ ಬೇರೆ ವಿಷಯಕ್ಕೆ ಗಮನ ಎಳೀರಿ ಅಂದ್ರು. ನೋವಿನ ಬಗ್ಗೆ ವಿಚಾರಿಸ್ತಾ ಇದ್ದ ಮನೆಯ ಮಕ್ಕಳ ದೂರು ಹೆಚ್ಚುಕಮ್ಮಿ ಎರಡು ಪಟ್ಟಾಯ್ತು, ಗಮನ ಬೇರೆ ಕಡೆ ಎಳೆದವರ ಮಕ್ಕಳಲ್ಲಿ ಅರ್ಧಕ್ಕೆ ಇಳೀತು. ತಮಾಷೆ ಅಂದ್ರೆ ಅಪ್ಪ ಅಮ್ಮಂದಿರು ಮಾತ್ರ ಗಮನ ಬೇರೆ ಕಡೆ ಎಳೆದ್ರೆ ಮಗೂಗೆ ಕೆಟ್ಟದಾಗತ್ತೆ ಅಂದ್ಕೊಂಡಿದ್ರು, ಮಕ್ಕಳಿಗೆ ಹಾಗನ್ಸಿರ್ಲಿಲ್ಲ.

ಹಾಗಂತ ಕೇಳಿಸ್ದೇ ಇದ್ದಂಗೆ ಇರೋದಲ್ಲ. ಮಗು ಹೇಳ್ದಾಗ ಒಂದ್ಸಲ ಪೂರ್ತಿ ಕೇಳಿಸ್ಕೊಳ್ಳಿ, ಹಂತ 1ರ ಪಟ್ಟಿ ಮನಸಲ್ಲೇ ನೋಡಿ, "ಗೊತ್ತಾಯ್ತು ಪುಟ್ಟಾ, ನೋವಾಗ್ತಿದೆ, ಕಮ್ಮಿಯಾಗತ್ತೆ, ಬಾ ಇದನ್ನ ಮಾಡೋಣ" ಅಂತ ಏನಾದ್ರೂ ಕೆಲಸಕ್ಕೆ ಹಚ್ಚಿ. ಬಿಸಿನೀರಿನ ಬ್ಯಾಗ್ ಬಟ್ಟೆ ಸುತ್ತಿ ಇಡ್ಬೋದು, ಮೊದ್ಲು ನಿಮ್ಮ ಮೈಗೆ ಇಟ್ಟು ಬಿಸಿ ನೋಡಿ. ಹೊಟ್ಟೆ ಮೇಲೆ ಗೊಂಬೆ ಇಟ್ಟು ಅದು ಮೇಲೆ ಕೆಳಗೆ ಹೋಗೋ ಥರ ನಿಧಾನಕ್ಕೆ ಉಸಿರಾಡ್ಸಿ, ನಾಲ್ಕು ವರ್ಷದವ್ರಿಗೂ ಬರತ್ತೆ. ನೋವಿನ ದಿನಕ್ಕೆ ಮಾತ್ರ ಸ್ಪೆಷಲ್ ಅಂತ ಮೊಬೈಲು, ಟಿವಿ, ಚಾಕ್ಲೇಟು ಮಾಡ್ಬೇಡಿ, ಮುದ್ದು ಮಾಡೋದು ನೋವಿಲ್ಲದ ದಿನಾನೂ ಇರ್ಲಿ. ಅಜ್ಜಿ ತಾತ ಮನೇಲಿದ್ರೆ ಅವ್ರಿಗೂ ಹೇಳಿ, ಇಲ್ದಿದ್ರೆ ಒಬ್ಬರು ಕಟ್ಟಿದ್ದನ್ನ ಇನ್ನೊಬ್ಬರು ಬಿಚ್ತಾರೆ.

ಶಾಲೆ ತಪ್ಪಿಸ್ಬೇಡಿ. ಜ್ವರ, ವಾಂತಿ, ಭೇದಿ ಇಲ್ಲ ಅಂದ್ರೆ ಹೋಗ್ಲಿ, ಮನೇಲಿ ಉಳಿದಷ್ಟೂ ಮಾರನೇ ದಿನ ಹೋಗೋದು ಇನ್ನೂ ಕಷ್ಟ. ಆದ್ರೆ ಶಾಲೇಲಿ ಏನ್ ನಡೀತಿದೆ ಅಂತ ಮೊದ್ಲು ವಿಚಾರಿಸಿ, ಯಾರಾದ್ರೂ ಹೊಡೀತಾರಾ, ಹೆದರಿಸ್ತಾರಾ, ಓದೋಕೆ ಕಷ್ಟ ಆಗ್ತಿದ್ಯಾ. ಟಾಯ್ಲೆಟ್ ಹೇಗಿದೆ ಅಂತ ಕೇಳೋದಂತೂ ಮರೀಬೇಡಿ, ಗಲೀಜು ಅಂತಲೋ ಬಾಗಿಲು ಹಾಕೋಕೆ ಆಗಲ್ಲ ಅಂತಲೋ ಇಡೀ ದಿನ ಹಿಡ್ಕೊಳ್ಳೋ ಮಕ್ಕಳು ತುಂಬಾ. ಟೀಚರ್ ಹತ್ರ ಮಾತಾಡಿ: ಕೇಳಿದ ತಕ್ಷಣ ಟಾಯ್ಲೆಟ್ಟಿಗೆ ಬಿಡ್ಲಿ, ನೋವು ಅಂದ್ರೆ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸ್ಕೊಂಡು ವಾಪಸ್ ಕ್ಲಾಸಿಗೆ ಕಳಿಸ್ಲಿ, ಪ್ರತಿ ಸಲ ಮನೆಗೆ ಫೋನ್ ಬೇಡ. ಯಾರೋ ಮೈ ಮುಟ್ಟೋದು, ಹೊಡೆಯೋದು ಅಂಥ ಅನುಮಾನ ಬಂದ್ರೆ ಮಾತ್ರ ಇದ್ಯಾವುದೂ ಅನ್ವಯಿಸಲ್ಲ, ಮೊದ್ಲು ಮಗೂನ ಆ ಜಾಗದಿಂದ ದೂರ ಇಡಿ.

ಇಷ್ಟೆಲ್ಲ ಮಾಡಿದ್ರೂ ತಿಂಗಳಾದ್ರೂ ಶಾಲೆ, ಆಟ, ನಿದ್ದೆ ಹಾಳಾಗ್ತಾನೇ ಇದ್ರೆ ಮಕ್ಕಳ ಕರುಳಿನ ತಜ್ಞರನ್ನೋ ಮಕ್ಕಳ ಮನಃಶಾಸ್ತ್ರಜ್ಞರನ್ನೋ ಕೇಳಿ, ನಡವಳಿಕೆ ಥೆರಪಿ ಈ ನೋವಿಗೆ ಕೆಲಸ ಮಾಡತ್ತೆ, ಅಲ್ಲಿಗೆ ಹೋದ್ರೆ ಮಗೂಗೆ ಮನಸ್ಸು ಸರಿ ಇಲ್ಲ ಅಂತ ಅಲ್ಲ. ನೋವಿನ ಜಾಗ, ಜೋರು ಅಥವಾ ಹೊತ್ತು ಬದಲಾದ್ರೆ ಹಳೇ "ನಾರ್ಮಲ್" ರಿಪೋರ್ಟ್ ನಂಬ್ಕೊಂಡು ಕೂರ್ದೇ ಹಂತ 1ರಿಂದ ಮತ್ತೆ ನೋಡ್ಕೊಂಡು ಬನ್ನಿ.